ರಾಡು ಧನವೋ ಋಣವೋ: ವೆಲ್ಡರ್ ಟ್ರೇಡಿನವರಿಗೆ ಪೋಲಾರಿಟಿ ಟಿಪ್ಪಣಿ

ಸರ್ಕಾರಿ ಐಟಿಐನಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ ತರಬೇತಿ. ನಾನು ಈಗ ಅರ್ಧ ದಾರಿಗೆ ಬಂದಿದ್ದೇನೆ. ಜಾಯಿಂಟುಗಳ ಹೆಸರು, ಸಿಲಿಂಡರುಗಳ ಬಣ್ಣ ಇವೆಲ್ಲ ಎರಡು ಸಲ ಓದಿದರೆ ತಲೆಯಲ್ಲಿ ನಿಲ್ಲುತ್ತವೆ, ಇಲ್ಲಿ ಬರೆಯುವುದಿಲ್ಲ. ಮೂರು ವಾರ ನನ್ನನ್ನು ಕಾಡಿದ್ದು ಪೋಲಾರಿಟಿ, ಅಂದರೆ ಬೆಸೆಯುವ ರಾಡನ್ನು (ಎಲೆಕ್ಟ್ರೋಡನ್ನು) ಡಿಸಿ ಮಷೀನಿನ ಧನ ತುದಿಗೆ ಕೊಡಬೇಕೋ ಋಣ ತುದಿಗೋ ಎಂಬುದು. ಆ ಗಂಟು ನಿನ್ನೆಯಷ್ಟೇ ಬಿಚ್ಚಿತು. ಮತ್ತೆ ಸಿಕ್ಕಾಗುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ರಾಡಿನ ನಂಬರು

ಇ7018 ಎಂದರೆ, ಮೊದಲ 70 ಕರ್ಷಣ ಬಲ: ಚದರ ಇಂಚಿಗೆ 70,000 ಪೌಂಡು. ಅದರ ಮುಂದಿನ 1, ಎಲ್ಲ ಸ್ಥಾನಗಳಲ್ಲೂ ಬೆಸೆಯಬಹುದು ಎಂಬುದಕ್ಕೆ. ಕೊನೆಯ ಅಂಕಿ ಲೇಪ ಯಾವುದು, ಕರೆಂಟು ಯಾವುದು ಎಂದು ತಿಳಿಸುತ್ತದೆ. 7018 ಕಡಿಮೆ ಹೈಡ್ರೋಜನ್ ರಾಡು. ಎಸಿಯಲ್ಲೂ ಓಡುತ್ತದೆ, ಡಿಸಿಯಾದರೆ ರಾಡು ಧನ. 6013 ರೂಟೈಲ್ ಲೇಪದ್ದು. ಎಸಿಯಲ್ಲೂ ಓಡುತ್ತದೆ, ಡಿಸಿಯಲ್ಲಿ ಎರಡೂ ಪೋಲಾರಿಟಿಗೆ ಒಗ್ಗುತ್ತದೆ. 6010 ಸೆಲ್ಯುಲೋಸ್ ಲೇಪದ್ದು. ಡಿಸಿಯಲ್ಲಿ ರಾಡು ಧನವಿದ್ದರೆ ಮಾತ್ರ.

ನಾನು ಸಿಕ್ಕಿಬಿದ್ದ ಜಾಗ

ಪಾಠದಲ್ಲಿ ಒಂದು ವಾಕ್ಯವಿದೆ: ಡಿಸಿಯಲ್ಲಿ ಶಾಖದ ಮೂರನೇ ಎರಡು ಭಾಗ ಧನ ತುದಿಯಲ್ಲಿ, ಮೂರನೇ ಒಂದು ಭಾಗ ಋಣ ತುದಿಯಲ್ಲಿ. ಇದನ್ನು ನಂಬಿ ನಾನು ಹೀಗೆ ಲೆಕ್ಕ ಹಾಕಿದೆ. 7018 ರಾಡನ್ನು ಧನಕ್ಕೆ ಕೊಟ್ಟರೆ ಹೆಚ್ಚಿನ ಶಾಖ ರಾಡಿಗೇ ಹೋಗುತ್ತದೆ, ಪ್ಲೇಟು ತಣ್ಣಗಿರುತ್ತದೆ, ಹಾಗಾಗಿ ಬೆಸುಗೆ ಆಳಕ್ಕೆ ಇಳಿಯಬಾರದು. ಆದರೆ ವರ್ಕ್‌ಶಾಪಿನಲ್ಲಿ ಎಲ್ಲರೂ ಹೇಳುವುದು ಇದಕ್ಕೆ ವಿರುದ್ಧ: ಆಳ ಬೇಕಾದರೆ ರಾಡನ್ನು ಧನಕ್ಕೆ ಹಾಕು.

ಯಾರು ಸರಿ ಎಂದು ನೋಡಲು 8 ಮಿ.ಮೀ. ಪ್ಲೇಟಿನ ಎರಡು ಟಿ ಜಾಯಿಂಟು (ಮಲಗಿದ ಪ್ಲೇಟಿನ ಮೇಲೆ ನಿಂತ ಪ್ಲೇಟು) ಟ್ಯಾಕ್ ಮಾಡಿದೆ, ಅಂದರೆ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿದೆ. ಎರಡಕ್ಕೂ 3.15 ಮಿ.ಮೀ.ನ 7018 ರಾಡು, 120 ಆಂಪಿಯರ್. ಒಂದು ಬದಿಗೆ ಮಾತ್ರ ಫಿಲೆಟ್ (ಮೂಲೆಯ ಬೆಸುಗೆ) ಎಳೆದೆ. ಎರಡನೆಯ ಜಾಯಿಂಟಿಗೆ ಹೋಲ್ಡರ್ (ರಾಡು ಹಿಡಿಯುವುದು) ಮತ್ತು ಅರ್ತಿನ (ಪ್ಲೇಟಿಗೆ ಹೋಗುವುದು) ಕೇಬಲ್ಲುಗಳನ್ನು ಅದಲುಬದಲು ಮಾಡಿದೆ. ಆರಿದ ಮೇಲೆ ನಿಂತ ಪ್ಲೇಟನ್ನು ದೊಡ್ಡ ಸುತ್ತಿಗೆಯಿಂದ ಬೆಸುಗೆಯ ಕಡೆಗೆ ಬಡಿದು ಮುರಿದೆ. ರಾಡು ಋಣವಾಗಿದ್ದ ಜಾಯಿಂಟಿನ ಬೇರಿನಲ್ಲಿ (ಎರಡು ಪ್ಲೇಟು ಸೇರುವ ಒಳಮೂಲೆಯಲ್ಲಿ), ಗ್ರೈಂಡರ್ ಗೀರುಗಳು ಹಾಗೆಯೇ ಉಳಿದಿದ್ದ ಒಂದು ನೇರ ಗೆರೆ ಕಾಣಿಸಿತು. ಆ ಮೂಲೆ ಕರಗಿಯೇ ಇರಲಿಲ್ಲ. ಧನದ್ದರಲ್ಲಿ ಮೂಲೆಯೇ ಉಳಿದಿರಲಿಲ್ಲ. ಉದ್ದಕ್ಕೂ ಬೂದು ಬಣ್ಣದ ಒರಟು ಮುರಿತ. ವರ್ಕ್‌ಶಾಪಿನ ಮಾತೇ ನಿಜವಾಯಿತು.

ಎರಡೂ ತುಂಡುಗಳನ್ನು ಒಯ್ದು ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಮೇಡಂ ಮುಂದಿಟ್ಟೆ. ಅವರು, "ಮೂರನೇ ಎರಡು ಭಾಗದ ಲೆಕ್ಕ ಟಂಗ್‌ಸ್ಟನ್‌ಗೆ ಹೊಂದುತ್ತದೆ, ಉಕ್ಕಿನ ರಾಡಿಗಲ್ಲ" ಎಂದರು. ಟಂಗ್‌ಸ್ಟನ್ ಎಂದರೆ ಟಿಗ್ ವೆಲ್ಡಿಂಗಿನ, ತಾನು ಕರಗದ ಎಲೆಕ್ಟ್ರೋಡು. ನನಗೆ ಬೇಕಾಗಿದ್ದ ಎಳೆ ಅದೇ. ನಿಧಾನವಾಗಿ ಬಿಡಿಸುತ್ತೇನೆ.

ಆರ್ಕಿನಲ್ಲಿ (ಎಲೆಕ್ಟ್ರೋಡಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯಲ್ಲಿ) ಎಲೆಕ್ಟ್ರಾನುಗಳು ಋಣದಿಂದ ಹೊರಟು ಧನಕ್ಕೆ ಸೇರುತ್ತವೆ. ಹಾಗಾದರೆ ಋಣ ತುದಿಯ ಲೋಹದಿಂದ ಅವು ಹೊರಬರುವುದು ಹೇಗೆ? ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಯಲ್ಲಿ. ಅದಕ್ಕೆ ಮೊದಲೇ ಅದು ಎಷ್ಟು ಕಾಯುತ್ತದೆಂದರೆ ಎಲೆಕ್ಟ್ರಾನುಗಳು ತಾವಾಗಿಯೇ ಚಿಮ್ಮುತ್ತವೆ. ಚಿಮ್ಮುವಾಗ ಶಾಖವನ್ನೂ ಹೊತ್ತೊಯ್ಯುತ್ತವೆ. ಮಣ್ಣಿನ ಗಡಿಗೆಯ ಹೊರಮೈಯಲ್ಲಿ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪು ಮಾಡುತ್ತದಲ್ಲ, ಹಾಗೆ. ಆ ಶಾಖ ಎದುರಿನ ಧನ ತುದಿಗೆ ಹೋಗಿ ಬೀಳುತ್ತದೆ.

ಉಕ್ಕು ಸುಮಾರು 1,500 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಎಲೆಕ್ಟ್ರಾನು ತಾನಾಗಿ ಚಿಮ್ಮುವಷ್ಟು ಕಾಯಲು ಅದಕ್ಕೆ ಸಾಧ್ಯವೇ ಇಲ್ಲ. ಹೀಗಾಗಿ ಋಣ ತುದಿಯ ಮೇಲೆ ಅತ್ತಿತ್ತ ಓಡಾಡುವ ಪುಟ್ಟ ಚುಕ್ಕೆಗಳಿಂದ, ಬಲವಾದ ವಿದ್ಯುತ್ ಸೆಳೆತಕ್ಕೆ ಸಿಕ್ಕಿ ಅವು ಕಿತ್ತುಕೊಂಡು ಬರಬೇಕು. ಈ ಎಳೆದಾಟದಲ್ಲಿ ಹೆಚ್ಚಿನ ಶಾಖ ಋಣ ತುದಿಯಲ್ಲೇ ಹುಟ್ಟುತ್ತದೆ. ರಾಡು ಧನವಾದರೆ ಪ್ಲೇಟು ಋಣ. ಶಾಖ ಪ್ಲೇಟಿಗೆ, ಬೆಸುಗೆ ಆಳಕ್ಕೆ. ರಾಡು ಋಣವಾದರೆ ರಾಡೇ ಬೇಗ ಕರಗುತ್ತದೆ, ಆಳ ಕಡಿಮೆ. ತೆಳು ತಗಡಿಗೆ 6013 ರಾಡನ್ನು ಋಣಕ್ಕೆ ಕೊಟ್ಟರೆ ತೂತು ಬೀಳುವ ಭಯ ಕಡಿಮೆಯಾಗುವುದು ಇದರಿಂದಲೇ. ಲೇಪ ಬದಲಾದಂತೆ ಈ ವ್ಯತ್ಯಾಸ ಹೆಚ್ಚುಕಡಿಮೆ ಆಗುತ್ತದೆ ಎಂಬುದನ್ನೂ ನೆನಪಿಡಿ.

ನಾನು ಕಟ್ಟಿಕೊಂಡ ಸೂತ್ರ ಇದು: ಉಕ್ಕಿನ ರಾಡಿನಲ್ಲಿ ಬಿಸಿ ತಟ್ಟುವುದು ಸಾಲಗಾರನಿಗೆ, ಟಂಗ್‌ಸ್ಟನ್‌ನಲ್ಲಿ ಹಣವಂತನಿಗೆ. ಋಣ ಎಂದರೆ ಸಾಲ, ಧನ ಎಂದರೆ ಹಣ. ನಮ್ಮ ಭಾಷೆಯೇ ಇದನ್ನು ಇಷ್ಟು ಸುಲಭ ಮಾಡಿಕೊಟ್ಟಿದೆ. ಟಿಗ್ ವೆಲ್ಡಿಂಗಿನಲ್ಲಿ ಟಂಗ್‌ಸ್ಟನ್ನನ್ನು ಋಣಕ್ಕೆ ಕೊಡುವುದು ಏಕೆಂದು ಈಗ ಕೇಳಿದರೆ ತಡವರಿಸದೆ ಹೇಳುತ್ತೇನೆ. ಧನಕ್ಕೆ ಕೊಟ್ಟರೆ ಬಿಸಿಯೆಲ್ಲ ಅದರ ಮೊನೆಗೇ ತಟ್ಟಿ, ಮೊನೆ ಕರಗಿ ಗುಂಡಗಾಗುತ್ತದೆ.

ಪರೀಕ್ಷೆಯಲ್ಲಿ ನೇರವಾಗಿ ಕೇಳಿದರೆ ಮಾತ್ರ ಪಾಠದ ಉತ್ತರವನ್ನೇ ಗುರುತಿಸಿ: ಧನ ತುದಿ, ಮೂರನೇ ಎರಡು ಭಾಗ.

ಅಲ್ಯೂಮಿನಿಯಮ್ ಮತ್ತು ಎಸಿ

ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ, ಅದರ ಮೇಲಿನ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದ ಮೇಲೆ. ಅದಕ್ಕೇ ಟಿಗ್‌ನಲ್ಲಿ ಇದನ್ನು ಧನ, ಋಣ ಅದಲುಬದಲಾಗುತ್ತಲೇ ಇರುವ ಎಸಿಯಲ್ಲಿ ಬೆಸೆಯುವುದು: ತಗಡು ಋಣವಾಗುವ ಅರ್ಧ ಆವರ್ತದಲ್ಲಿ ಆ ಓಡಾಡುವ ಚುಕ್ಕೆಗಳೇ ಪೊರೆಯನ್ನು ಒಡೆಯುತ್ತವೆ. ಉಳಿದರ್ಧದಲ್ಲಿ ಟಂಗ್‌ಸ್ಟನ್ ತಣಿಯುತ್ತದೆ.

ಆಂಪಿಯರ್

ರಾಡಿನ ವ್ಯಾಸವನ್ನು 35ರಿಂದ ಗುಣಿಸಿ: 3.15ಕ್ಕೆ ಸುಮಾರು 110. ಅಲ್ಲಿಂದ ಶುರು ಮಾಡಿ, ಪೊಟ್ಟಣದ ಮೇಲೆ ಅಚ್ಚಾದ ಮಿತಿಯೊಳಗೆ ಹೆಚ್ಚುಕಡಿಮೆ ಮಾಡಿ.

ಗುರುತು ಅಳಿಸಿದ ಮಷೀನು

ನಮ್ಮ ಹಳೆಯ ರೆಕ್ಟಿಫೈಯರಿನ (ಡಿಸಿ ವೆಲ್ಡಿಂಗ್ ಮಷೀನಿನ) ಮೇಲೆ ಧನ, ಋಣದ ಗುರುತು ಅಳಿಸಿಹೋಗಿತ್ತು. ಮೇಡಂ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಒಣ ಗ್ಲೌಸ್ ತೊಟ್ಟು, ಎರಡು ಕೇಬಲ್ಲುಗಳ ತುದಿಗಳನ್ನು ದೂರ ದೂರ ಮುಳುಗಿಸಿ ತೋರಿಸಿದರು. ಒಂದು ತುದಿಯಿಂದ ಗುಳ್ಳೆಗಳು ನೊರೆನೊರೆಯಾಗಿ ಎದ್ದವು. ಅದೇ ಋಣ, ಏಕೆಂದರೆ ಹೈಡ್ರೋಜನ್ ಹೊರಡುವುದು ಅಲ್ಲಿ. ಬೋಧಕರು ಪಕ್ಕದಲ್ಲಿಲ್ಲದಾಗ ಇದನ್ನು ಮಾಡಬೇಡಿ. ಆ ಋಣ ಟರ್ಮಿನಲ್ಲಿನ ಪಕ್ಕ ನಾನು ಬಿಳಿ ಬಣ್ಣದಲ್ಲಿ ಒಂದು ಅಡ್ಡ ಗೆರೆ ಬರೆದಿದ್ದೇನೆ.