ಟೋಟಲ್ ನೋಡಿ ರಿಪೋರ್ಟ್ ಮಡಚಿಡಬೇಡಿ

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಒಂದೇ ಸಾಲಿಗೆ, ಟೋಟಲ್ ಕೊಲೆಸ್ಟ್ರಾಲ್. ಅದು 200ರ ಒಳಗಿದ್ದರೆ ಉಳಿದದ್ದನ್ನು ಓದದೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನನಗೆ ಭಯ ಆಗುವುದು ಅಲ್ಲೇ.

ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡೋಣ. ಒಬ್ಬರಿಗೆ ಟೋಟಲ್ 190, ಎಚ್‌ಡಿಎಲ್ (ಅಂದರೆ 'ಒಳ್ಳೆಯ' ಕೊಲೆಸ್ಟ್ರಾಲ್) 32. ಇನ್ನೊಬ್ಬರಿಗೆ ಟೋಟಲ್ 215, ಎಚ್‌ಡಿಎಲ್ 75. ಗಾಬರಿಯಾಗುವವರು ಎರಡನೆಯವರು, ಅಲ್ವಾ? ಈಗ ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಮೊದಲನೆಯವರಿಗೆ 158, ಎರಡನೆಯವರಿಗೆ 140. ಇದೇ ನಾನ್-ಎಚ್‌ಡಿಎಲ್. ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರುವ ಕೆಟ್ಟ ಕೊಬ್ಬೆಲ್ಲ ಈ ಲೆಕ್ಕದಲ್ಲಿ ಸೇರುತ್ತದೆ. ಮೊದಲನೆಯವರಿಗೆ ಸಕ್ಕರೆ ಕಾಯಿಲೆಯೋ ಸಿಗರೇಟಿನ ಅಭ್ಯಾಸವೋ ಇದ್ದರೆ ನಾನಂತೂ ಅವರನ್ನು ಸುಮ್ನೆ ಮನೆಗೆ ಕಳಿಸುವುದಿಲ್ಲ.

ಇನ್ನೊಂದು ವಿಷಯ. ಎಲ್‌ಡಿಎಲ್ ಅನ್ನು, ಅಂದರೆ 'ಕೆಟ್ಟ' ಕೊಲೆಸ್ಟ್ರಾಲನ್ನು, ಹೆಚ್ಚಿನ ಲ್ಯಾಬ್‌ಗಳು ನೇರವಾಗಿ ಅಳೆಯುವುದಿಲ್ಲ, ಉಳಿದ ಸಂಖ್ಯೆಗಳಿಂದ ಲೆಕ್ಕ ಹಾಕುತ್ತವೆ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು, ಟ್ರೈಗ್ಲಿಸರೈಡ್, 400 ದಾಟಿದರೆ ಈ ಲೆಕ್ಕದ ಹಳೆಯ ಸೂತ್ರ ಕೈಕೊಡುತ್ತದೆ. ಆಗ ಖಾಲಿ ಹೊಟ್ಟೆಯಲ್ಲಿ ಮತ್ತೆ ಟೆಸ್ಟ್ ಮಾಡಿಸಬೇಕು. ಮೊದಲ ಸಲದ ಟೆಸ್ಟಿಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ.

ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ನೋವಿಲ್ಲ, ತಲೆಸುತ್ತಿಲ್ಲ, ಸುಸ್ತೂ ಇಲ್ಲ. ಪೈಪಿನಲ್ಲಿ ಕೆಸರು ಕಟ್ಟಿದ ಹಾಗೆ ರಕ್ತನಾಳ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಗೊತ್ತಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ನಾಳದ ಅರ್ಧವನ್ನೂ ಮುಚ್ಚದ ಕೊಬ್ಬಿನ ಗಡ್ಡೆ ಒಂದು ದಿನ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ಹರಿವು ನಿಂತುಬಿಡಬಹುದು. ಹೃದಯದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಸ್ಟ್ರೋಕ್.

ಎಲ್‌ಡಿಎಲ್ 190 ದಾಟಿದೆಯೇ? ಊಟವನ್ನಷ್ಟೇ ದೂರಬೇಡಿ. ಇದು ವಂಶದಲ್ಲೇ ಬಂದಿರಬಹುದು, ಸುಮಾರು 250 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಕೆಲವರಿಗೆ ಕಣ್ಣಿನ ರೆಪ್ಪೆಯ ಹತ್ತಿರ ಹಳದಿ ಮಚ್ಚೆ ಕಾಣುತ್ತದೆ, ಹಿಮ್ಮಡಿಯ ಹಿಂದೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ದಪ್ಪಗಾಗಿರುತ್ತದೆ. ಅಂಥ ಮನೆಯಲ್ಲಿ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಟೆಸ್ಟ್ ಬೇಕು.

ರಿಪೋರ್ಟಿನ ಬದಿಯಲ್ಲಿ ಅಚ್ಚಾದ 'ನಾರ್ಮಲ್' ಎಲ್ಲರಿಗೂ ನಾರ್ಮಲ್ ಅಲ್ಲ. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ ಎಲ್‌ಡಿಎಲ್ 70ರ ಕೆಳಗೆ, ಎಷ್ಟೋ ಸಲ 55ರ ಕೆಳಗೇ ಇರಬೇಕು. ಮಾತ್ರೆ ತಗೊಂಡು ಅಲ್ಲಿಗೆ ಇಳಿದ ಮೇಲೆ, "ಸರಿಹೋಯ್ತಲ್ಲ ಡಾಕ್ಟ್ರೇ" ಅಂತ ನಿಲ್ಲಿಸಿಬಿಡುವವರು ತುಂಬಾ ಜನ. ಇಳಿಸಿದ್ದು ಆ ಮಾತ್ರೆಯೇ. ಬಿಟ್ಟ ಕೆಲವೇ ವಾರಗಳಲ್ಲಿ ಅದು ಮತ್ತೆ ಹಳೆಯ ಜಾಗಕ್ಕೆ ಏರಿರುತ್ತದೆ. ಮೈಕೈ ನೋವು ಬಂತೆಂದು ಮಾತ್ರೆ ಬಿಟ್ಟಿದ್ದರೆ ದಯವಿಟ್ಟು ಬಂದು ಹೇಳಿ, ಡೋಸ್ ಇಳಿಸಬಹುದು, ಬೇರೆ ಮಾತ್ರೆಯೂ ಇದೆ.