ಸಿನಿಮಾದ ಹದಿಹರೆಯ ಮತ್ತು ಪಡಿಯಚ್ಚು

ಹದಿಹರೆಯದವರ ಸಿನಿಮಾಗಳಲ್ಲಿ ‘ಸ್ಟೀರಿಯೊಟೈಪ್’ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವ ಮುನ್ನ ಆ ಪದವನ್ನು ನೋಡೋಣ. ಅದು ಮೂಲತಃ ಮುದ್ರಣಾಲಯದ ಪದ. ಅಚ್ಚುಮೊಳೆ ಜೋಡಿಸಿದ ಪುಟದ ಪಡಿ ತೆಗೆದು ಎರಕ ಹೊಯ್ದ ಲೋಹದ ಫಲಕಕ್ಕೆ ಆ ಹೆಸರಿತ್ತು. ಮನುಷ್ಯರ ಬಗ್ಗೆ ನಾವು ಮೊದಲೇ ತಲೆಯಲ್ಲಿಟ್ಟುಕೊಂಡ ಚಿತ್ರಕ್ಕೆ 1922ರಲ್ಲಿ ಅದನ್ನು ಅನ್ವಯಿಸಿದವರು ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್. ಕನ್ನಡದ ‘ಪಡಿಯಚ್ಚು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಉತ್ತರದಲ್ಲಿ ಧೈರ್ಯವಾಗಿ ಬಳಸಿ.

ಜಾನ್ ಹ್ಯೂಸ್ ನಿರ್ದೇಶನದ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ (1985) ನೋಡಿ. ಶನಿವಾರ ಇಡೀ ದಿನ ಶಾಲೆಯ ಗ್ರಂಥಾಲಯದಲ್ಲಿ ಕೂರುವ ಶಿಕ್ಷೆಗೆ ಒಳಗಾದ ಐವರು: ಬುದ್ಧಿವಂತ, ಕ್ರೀಡಾಪಟು, ವಿಚಿತ್ರ ಹುಡುಗಿ, ಶ್ರೀಮಂತ ‘ರಾಜಕುಮಾರಿ’, ಪುಂಡ. ಈ ಅಚ್ಚುಗಳನ್ನು ಒಡೆಯಲೆಂದೇ ಚಿತ್ರ ಹೊರಟಿದೆ. ಮಾತು ಬೆಳೆದಂತೆ ಒಬ್ಬೊಬ್ಬರ ಮನೆಯ ನೋವೂ ಹೊರಬರುತ್ತದೆ. ಆದರೆ ಕೊನೆಯ ಭಾಗವನ್ನು ಎರಡು ಸಲ ನೋಡಬೇಕು. ‘ವಿಚಿತ್ರ’ ಅಲಿಸನ್‌ಳ ಕಣ್ಣಿನ ಕಪ್ಪು ಒರೆಸಿ, ಮುಖ ಮುಚ್ಚಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, ರಾಜಕುಮಾರಿ ಕ್ಲೇರ್ ಅವಳನ್ನು ಸಿಂಗರಿಸುತ್ತಾಳೆ. ಕ್ರೀಡಾಪಟು ಬೆರಗಾಗಿ ನೋಡುತ್ತಾನೆ. ಒಂದು ಅಚ್ಚಿನಿಂದ ತೆಗೆದು ಇನ್ನೊಂದಕ್ಕೆ ಹೊಯ್ದರು, ಅಷ್ಟೇ. ಬುದ್ಧಿವಂತ ಬ್ರಯಾನ್‌ಗೆ ಜೊತೆಗಾತಿಯೂ ಇಲ್ಲ. ಐವರ ಪರವಾಗಿ ಪ್ರಬಂಧ ಬರೆಯುವ ಕೆಲಸ ಅವನ ಪಾಲಿಗೆ. ನನಗೆ ಇಲ್ಲಿ ಪ್ರತಿ ಸಲವೂ ಬೇಸರವಾಗುತ್ತದೆ. 

ಗುಂಪುಗಳು ಸ್ವಭಾವದಿಂದ ಹುಟ್ಟುತ್ತವೆ ಎಂದು ಇಂಥ ಚಿತ್ರಗಳು ನಂಬಿಸುತ್ತವೆ. ವ್ಯವಸ್ಥೆಯ ಪಾಲನ್ನು ಮರೆಯಬೇಡಿ. ಅಮೆರಿಕದ ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳು ವಿಷಯಕ್ಕೆ ತಕ್ಕಂತೆ ಕೋಣೆ ಬದಲಿಸುತ್ತಾರೆ. ಹೀಗಾಗಿ ಯಾರು ಯಾವ ಗುಂಪಿನವರು ಎಂಬುದು ಕಾಣುವುದು ಊಟದ ಮೇಜಿನಲ್ಲಿ. ‘ಮೀನ್ ಗರ್ಲ್ಸ್’ (2004) ಚಿತ್ರದಲ್ಲಿ ಹೊಸ ಹುಡುಗಿಗೆ ಆ ಮೇಜುಗಳ ನಕ್ಷೆಯನ್ನೇ ಬರೆದುಕೊಡುತ್ತಾರೆ.

ಗಂಗಾವತಿಯ ನಮ್ಮ ಪಿಯು ತರಗತಿಯ ನಕ್ಷೆ ಬರೆದರೆ ಅದು ಬಸ್ಸಿನ ವೇಳಾಪಟ್ಟಿಯಾಗುತ್ತಿತ್ತು: ಕಾರಟಗಿ ಕಡೆಯವರು, ಕನಕಗಿರಿ ಕಡೆಯವರು, ಹಾಸ್ಟೆಲಿನವರು, ಊರಿನವರು. ಕನಕಗಿರಿಯ ಒಬ್ಬಳು ಕೊನೆಯ ಅವಧಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿರುತ್ತಿದ್ದಳು. ಗಂಟೆ ಬಾರಿಸಿದರೆ ಯಾರತ್ತವೂ ತಿರುಗದೆ ಹೊರಡುತ್ತಿದ್ದಳು. ಅವಳಿಗೆ ಜಂಬ ಎಂದು ನಾವು ತೀರ್ಮಾನಿಸಿದ್ದೆವು. ಒಮ್ಮೆ ಜಾತ್ರೆಗೆಂದು ಅದೇ ಬಸ್ಸು ಹತ್ತಿದೆ. ಅವಳು ಓಡಿಬಂದು ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿದಳು, ನನ್ನನ್ನು ಪಕ್ಕಕ್ಕೆ ಕರೆದಳು. ಕನಕಗಿರಿ ಬರುವವರೆಗೂ ಅವಳ ಮಾತು ನಿಲ್ಲಲಿಲ್ಲ.