ಪುಟ್ಟ ವಿಮಾನದಲ್ಲಿ 31 ಮಿಲಿಮೀಟರ್ ಜಾಗ

ರೇಡಿಯೋದಿಂದ ಹಾರಿಸುವ ಸಣ್ಣ ಮಾಡೆಲ್ ವಿಮಾನ ಕಟ್ಟುವಾಗ ಹೆಚ್ಚಿನವರು ಹೋಗುವುದು ಒಂದೇ ಕ್ರಮದಲ್ಲಿ. ಮೊದಲು ಮೋಟರ್. ಆಮೇಲೆ ಬ್ಯಾಟರಿ, ಏಕೆಂದರೆ ವಿಮಾನದ ತೂಕ ಸರಿದೂಗುವುದೇ ಅದರಿಂದ. ಆಮೇಲೆ ರೆಕ್ಕೆ ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್‌ಗಳಾದ ಸರ್ವೋಗಳು, ಮೋಟರ್‌ನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್, ಅದರ ದಪ್ಪ ತಂತಿಗಳು. ಇಷ್ಟಾಗುವ ಹೊತ್ತಿಗೆ ವಿಮಾನದ ಹೊಟ್ಟೆ ತುಂಬಿರುತ್ತದೆ, ನೆಲದಿಂದ ಬರುವ ರೇಡಿಯೋ ಸಿಗ್ನಲ್ ಹಿಡಿಯುವ ರಿಸೀವರ್ ಒಂದು ಕೈಯಲ್ಲಿ ಉಳಿದಿರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೂಕ ಕೆಲವೇ ಗ್ರಾಂ. ಎಲ್ಲಿ ಸಂದಿ ಕಾಣುತ್ತದೋ ಅಲ್ಲಿ ತುರುಕಿ, ಅದರ ಎರಡು ತೆಳು ಆಂಟೆನಾ ತಂತಿಗಳನ್ನು ಪಕ್ಕಕ್ಕೆ ಒತ್ತಿ ಮುಚ್ಚಳ ಹಾಕಿಬಿಡುತ್ತೇವೆ.

ನಾನೂ ಹಾಗೆಯೇ ಮಾಡಿದ್ದೆ. 80 ಸೆಂಟಿಮೀಟರ್ ರೆಕ್ಕೆಯ ಫೋಮ್ ವಿಮಾನ ಅದು. ಎರಡು ಸಲ ಚೆನ್ನಾಗಿ ಹಾರಿತು. ಮೂರನೇ ಸಲ ಬಾಲ ನನ್ನ ಕಡೆಗಿಟ್ಟು ನೇರವಾಗಿ ದೂರ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಮೋಟರ್ ನಿಂತಿತು. ಕೈಯಲ್ಲಿದ್ದ ಟ್ರಾನ್ಸ್‌ಮಿಟರ್‌ನ ಸ್ಟಿಕ್ ಅಲ್ಲಾಡಿಸಿದರೆ ಏನೂ ಆಗಲಿಲ್ಲ. ವಿಮಾನ ಮೆಲ್ಲಗೆ ಒಂದು ಕಡೆ ವಾಲಿ ಪೊದೆಗೆ ಬಿತ್ತು. ಮನೆಗೆ ತಂದು ಬಿಚ್ಚಿ ನೋಡಿದೆ. ರಿಸೀವರ್ ಸರಿಯಾಗಿಯೇ ಇತ್ತು, ಆಮೇಲೆ ಅದನ್ನೇ ಬೇರೆ ವಿಮಾನಕ್ಕೆ ಹಾಕಿ ಎರಡು ವರ್ಷ ಹಾರಿಸಿದೆ. ಆದರೆ ಎರಡೂ ಆಂಟೆನಾಗಳು ಬ್ಯಾಟರಿಯ ಮಗ್ಗುಲಿಗೆ ಅಂಟಿಕೊಂಡು, ಮೂಗಿನಿಂದ ಬಾಲದ ಕಡೆಗೆ ಒಂದೇ ನೇರದಲ್ಲಿ ಮಲಗಿದ್ದವು. ಆವತ್ತಿನಿಂದ ನಾನು ಕ್ರಮ ಬದಲಿಸಿದೆ. ಈಗ ಮೊದಲು ಜಾಗ ಸಿಗುವುದು ಆಂಟೆನಾಗೆ. ಗಮನಿಸಿ, ರಿಸೀವರ್‌ಗೆ ಅಲ್ಲ, ಆಂಟೆನಾಗೆ. ಈ ಎರಡರ ವ್ಯತ್ಯಾಸ ತಿಳಿದರೆ ಇಕ್ಕಟ್ಟಿನ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಇಂದಿನ ರೇಡಿಯೋಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್‌ನವು. ಅಂದರೆ ಟ್ರಾನ್ಸ್‌ಮಿಟರ್‌ನಿಂದ ಹೊರಡುವ ಅಲೆ ಸೆಕೆಂಡಿಗೆ 240 ಕೋಟಿ ಸಲ ಮೇಲೆ ಕೆಳಗೆ ಆಡುತ್ತದೆ. ಅಲೆ ಓಡುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಭಾಗಿಸಿ ನೋಡಿ, ಒಂದು ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್ ಬರುತ್ತದೆ. ಅದರ ಕಾಲು ಭಾಗ 31 ಮಿಲಿಮೀಟರ್. ರಿಸೀವರ್‌ನಿಂದ ಹೊರಬರುವ ತಂತಿಯ ತುದಿಯಲ್ಲಿ ಹೊರಕವಚ ಸುಲಿದು ಬಿಟ್ಟಿರುವ ಚೂರನ್ನು ಅಳೆದರೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಆಂಟೆನಾ ಅಂದರೆ ಅದು. ಅದಕ್ಕಿಂತ ಹಿಂದಿನ ಹತ್ತು ಹದಿನೈದು ಸೆಂಟಿಮೀಟರ್ ಬರೀ ಕೊಳಾಯಿ ಇದ್ದ ಹಾಗೆ. ಅದು ಕೋಆಕ್ಸಿಯಲ್ ತಂತಿ, ನಡುವಿನ ಎಳೆಯ ಸುತ್ತ ಲೋಹದ ಬಲೆ ಇರುತ್ತದೆ. ತುದಿಯಲ್ಲಿ ಹಿಡಿದ ಸಿಗ್ನಲನ್ನು ಒಳಗೆ ಸಾಗಿಸುವುದಷ್ಟೇ ಅದರ ಕೆಲಸ.

ಹಾಗಾಗಿ ರಿಸೀವರ್ ಡಬ್ಬಿ ಬ್ಯಾಟರಿಯ ಹಿಂದೆ ಇರಲಿ, ಸರ್ವೋಗಳ ನಡುವೆ ಇರಲಿ, ದೊಡ್ಡ ತೊಂದರೆ ಇಲ್ಲ. ಕವಚವಿರುವ ತಂತಿಯೂ ಇಕ್ಕಟ್ಟಿನಲ್ಲಿ ಹಾದುಹೋಗಬಹುದು. ತುದಿಯ 31 ಮಿಲಿಮೀಟರ್ ಮಾತ್ರ ಬಯಲಿಗೆ ಬರಬೇಕು. ಇಡೀ ತಂತಿಯೇ ಆಂಟೆನಾ ಅಂದುಕೊಂಡು ಅಷ್ಟನ್ನೂ ನೆಟ್ಟಗೆ ಎಳೆಯಲು ಒದ್ದಾಡುವವರನ್ನು ನೋಡಿದ್ದೇನೆ. ತುದಿ ಉದ್ದ ಜಾಸ್ತಿ ಆಯಿತು ಅಂತ ಅದನ್ನೇ ಕತ್ತರಿಸಿದವರನ್ನೂ ನೋಡಿದ್ದೇನೆ. ಕತ್ತರಿಸಿದರೆ ಅಲೆಯ ಅಳತೆಗೆ ಅದು ಹೊಂದುವುದಿಲ್ಲ, ಹಿಡಿಯುವ ಶಕ್ತಿ ಕುಗ್ಗುತ್ತದೆ. ಜಾಗ ಉಳಿಸಬೇಕಾದರೆ ಕವಚದ ಭಾಗವನ್ನು ಸಡಿಲವಾಗಿ ಒಂದು ಸುತ್ತು ಸುತ್ತಿಡಿ, ಮಡಿಚಿ ಒತ್ತಬೇಡಿ. ಒಳಗಿನ ಎಳೆ ಮುರಿದರೂ ಹೊರಗೆ ಕಾಣುವುದಿಲ್ಲ. ತಂತಿ ಬೋರ್ಡಿಗೆ ಸೇರುವ ಗುಂಡಿಯಂಥ ಪುಟ್ಟ ಕನೆಕ್ಟರ್ ಕೂಡ ತುಂಬ ನಾಜೂಕು. ಮೂವತ್ತು ಸಲ ತೆಗೆದು ಹಾಕುವುದಕ್ಕೆ ಅಂತ ಮಾಡಿದ್ದು ಅದು. ಸುಮ್ನೆ ಬಿಚ್ಚಿ ನೋಡುವ ಅಭ್ಯಾಸ ಬೇಡ.

ಹಿಂದೆ ಹೀಗಿರಲಿಲ್ಲ. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸೋದರರು 'ಗಫ್' ಎಂಬ ಮಾಡೆಲನ್ನು ರೇಡಿಯೋದಿಂದ ಹಾರಿಸಿದಾಗ, ಗಾಜಿನ ವಾಲ್ವ್‌ಗಳಿದ್ದ ರಿಸೀವರ್ ಮತ್ತು ಅದರ ಬ್ಯಾಟರಿಗಳನ್ನು ಹೊರುವುದಕ್ಕೇ ದೊಡ್ಡ ವಿಮಾನ ಬೇಕಿತ್ತು. ಟ್ರಾನ್ಸಿಸ್ಟರ್ ಬಂದು ಡಬ್ಬಿ ಸಣ್ಣದಾಯಿತು, ಆದರೆ ಅಲೆ ಸಣ್ಣದಾಗಲಿಲ್ಲ. ಆಗಿನ ರೇಡಿಯೋಗಳ 72 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆ ಅಂದರೆ ಒಂದು ಮೀಟರ್‌ಗೂ ಸ್ವಲ್ಪ ಜಾಸ್ತಿ. 35 ಮೆಗಾಹರ್ಟ್ಸ್‌ನಲ್ಲಿ ಎರಡು ಮೀಟರ್ ದಾಟುತ್ತದೆ, ಅಲ್ಲಿ ಮೀಟರ್ ಉದ್ದದ ತಂತಿ ಕೊಟ್ಟು ಕೊರತೆಯನ್ನು ಸುರುಳಿಯಿಂದ ತುಂಬುತ್ತಿದ್ದರು. ಆ ತಂತಿಯನ್ನು ಹೊಟ್ಟೆಯಿಂದ ಹೊರತೆಗೆದು ಬಾಲದ ತುದಿಗೆ ಕಟ್ಟುತ್ತಿದ್ದರು, ಉಳಿದದ್ದು ಹಿಂದೆ ಜೋತಾಡುತ್ತಿತ್ತು. ನೋಡಲು ಚೆಂದ ಇರಲಿಲ್ಲ ನಿಜ. ಆದರೆ ಆಂಟೆನಾ ಇದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ಯಾರೂ ಅದನ್ನು ಮರೆಯುತ್ತಿರಲಿಲ್ಲ. 2.4 ಬಂದ ಮೇಲೆ ಅದು ಅಡಗಿಕೊಂಡಿತು, ನಾವೂ ಮರೆತೆವು.

ಈಗ ದಿಕ್ಕಿನ ವಿಷಯ. ನನ್ನ ವಿಮಾನ ಬಿದ್ದದ್ದು ಇದರಿಂದಲೇ.

ನೆಟ್ಟಗಿರುವ ತಂತಿ ಎಲ್ಲ ಕಡೆಯಿಂದಲೂ ಒಂದೇ ಸಮ ಕೇಳಿಸಿಕೊಳ್ಳುವುದಿಲ್ಲ. ಒಂದು ಕೋಲಿಗೆ ಗಾಳಿ ತುಂಬಿದ ಟ್ಯೂಬನ್ನು ಸಿಕ್ಕಿಸಿ ಹಿಡಿದಿದ್ದೀರಿ ಅಂದುಕೊಳ್ಳಿ. ಕೋಲು ಆಂಟೆನಾ, ಟ್ಯೂಬ್ ಅದರ ಕಿವಿ. ಪಕ್ಕದಿಂದ ಬರುವ ಅಲೆ ಚೆನ್ನಾಗಿ ಕೇಳುತ್ತದೆ. ಕೋಲಿನ ತುದಿಯ ನೇರದಿಂದ ಬರುವ ಅಲೆ ಟ್ಯೂಬಿನ ನಡುವಿನ ತೂತಿನಲ್ಲಿ ಹಾದುಹೋದಂತೆ, ಬಹುತೇಕ ಕೇಳುವುದೇ ಇಲ್ಲ. ನನ್ನ ವಿಮಾನ ಬಾಲ ತೋರಿಸಿಕೊಂಡು ದೂರ ಹೋಗುವಾಗ ಎರಡೂ ಆಂಟೆನಾಗಳ ತುದಿ ನೇರ ನನ್ನ ಕಡೆಗೇ ಇತ್ತು. ಎರಡಕ್ಕೂ ಒಂದೇ ಸಲ ಕಿವುಡು. (ಇದೇ ಕಾರಣಕ್ಕೆ ಟ್ರಾನ್ಸ್‌ಮಿಟರ್‌ನ ಆಂಟೆನಾ ತುದಿಯನ್ನು ವಿಮಾನದ ಕಡೆಗೆ ಗುರಿ ಇಟ್ಟು ಹಿಡಿಯಬಾರದು. ಬೆರಳು ತೋರಿಸಿದ ಹಾಗೆ ಹಿಡಿಯುವುದು ಸಹಜ ಅನ್ನಿಸುತ್ತದೆ, ಆದರೆ ಆ ದಿಕ್ಕೇ ಅತಿ ದುರ್ಬಲ.)

ಇನ್ನೊಂದು ಸಂಗತಿ ಇದೆ. ಅಲೆ ತಂತಿಯೊಳಗಿನ ಎಲೆಕ್ಟ್ರಾನ್‌ಗಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಹಿಂದೆ ಮುಂದೆ ದೂಡುತ್ತದೆ. ಟ್ರಾನ್ಸ್‌ಮಿಟರ್ ಆಂಟೆನಾ ನಿಂತಿದ್ದರೆ ಅಲೆ ಮೇಲಕ್ಕೆ ಕೆಳಕ್ಕೆ ದೂಡುತ್ತದೆ. ವಿಮಾನದ ತಂತಿಯೂ ನಿಂತಿದ್ದರೆ ಎಲೆಕ್ಟ್ರಾನ್‌ಗಳಿಗೆ ಓಡಾಡಲು 31 ಮಿಲಿಮೀಟರ್ ಉದ್ದದ ದಾರಿ ಸಿಗುತ್ತದೆ. ತಂತಿ ಅಡ್ಡ ಮಲಗಿದ್ದರೆ ಸಿಗುವುದು ತಂತಿಯ ದಪ್ಪದಷ್ಟೇ. ಲೆಕ್ಕದ ಪ್ರಕಾರ ಆಗ ಏನೂ ಹಿಡಿಯಬಾರದು. ವಾಸ್ತವದಲ್ಲಿ ನೆಲದಿಂದ, ಮರಗಳಿಂದ ಪುಟಿದು ಬಂದ ಅಲೆಗಳು ಸ್ವಲ್ಪ ಸಹಾಯ ಮಾಡುತ್ತವೆ, ಆದರೂ 20 ಡೆಸಿಬೆಲ್‌ನಷ್ಟು ನಷ್ಟ ಸಾಮಾನ್ಯ. ಅಂದರೆ ನೂರರಲ್ಲಿ ಒಂದು ಪಾಲು ಉಳಿಯಿತು. ದೂರ ಹತ್ತು ಪಟ್ಟಾದರೂ ಸಿಗ್ನಲ್ ಇಳಿಯುವುದು ಇಷ್ಟೇ. ಇದನ್ನು ಕೂತು ಯೋಚಿಸಿದಾಗ ನನಗೆ ಗಾಬರಿಯೇ ಆಯಿತು. ಆಂಟೆನಾ ತಪ್ಪು ದಿಕ್ಕಿಗೆ ಮಲಗಿದ್ದರೆ 200 ಮೀಟರ್ ದೂರದ ವಿಮಾನ ರೇಡಿಯೋ ಪಾಲಿಗೆ 2 ಕಿಲೋಮೀಟರ್ ದೂರದಲ್ಲಿ ಇದ್ದ ಹಾಗೆ.

ಸಿಗ್ನಲ್ ಮೊದಲೇ ಎಷ್ಟು ಕ್ಷೀಣ ಅನ್ನುವುದೂ ಗೊತ್ತಿರಲಿ. ಟ್ರಾನ್ಸ್‌ಮಿಟರ್ 100 ಮಿಲಿವಾಟ್ ಬಿಡುತ್ತದೆ ಅಂತಿಟ್ಟುಕೊಳ್ಳಿ. ಬಯಲಿನಲ್ಲಿ ಒಂದು ಕಿಲೋಮೀಟರ್ ಆಚೆ ಆ ಚೋಟುದ್ದದ ತಂತಿಗೆ ಸಿಗುವುದು ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ಒಳ್ಳೆಯ ರಿಸೀವರ್‌ಗಳು ಅದಕ್ಕಿಂತಲೂ ನೂರು ಪಟ್ಟು ಸಣ್ಣ ಸಿಗ್ನಲನ್ನು ಓದಬಲ್ಲವು. ನಿಜಕ್ಕೂ ಅದ್ಭುತ ಸಾಧನ ಅದು. ಆ ನೂರು ಪಟ್ಟನ್ನು ಒಂದು ತಂತಿ ಮಡಿಚಿ ಕಳೆದುಕೊಳ್ಳುವುದು ಬೇಸರದ ವಿಷಯ ಅಲ್ವಾ?

ರಿಸೀವರ್‌ಗೆ ಎರಡು ಆಂಟೆನಾ ಕೊಡುವುದು ಇದಕ್ಕಾಗಿಯೇ. ಒಂದು ಕಿವುಡಾದಾಗ ಇನ್ನೊಂದು ಕೇಳಬೇಕು. ಆದ್ದರಿಂದ ಎರಡರ ನಡುವೆ 90 ಡಿಗ್ರಿ ಕೋನ ಇರಬೇಕು. ಒಂದು ಉದ್ದಕ್ಕೆ, ಒಂದು ಮೇಲಕ್ಕೆ. ಇಲ್ಲವೇ ಒಂದು ಅಡ್ಡಕ್ಕೆ, ಒಂದು ಮೇಲಕ್ಕೆ. ಸಾಧ್ಯವಾದರೆ ಎರಡು ತುದಿಗಳೂ ಒಂದಕ್ಕೊಂದು ಸ್ವಲ್ಪ ದೂರ ಇರಲಿ. ಆಗ ಬ್ಯಾಟರಿಯ ನೆರಳು ಒಂದರ ಮೇಲೆ ಬಿದ್ದರೂ ಇನ್ನೊಂದು ಬೆಳಕಿನಲ್ಲಿರುತ್ತದೆ.

ನೆರಳು ಅಂದೆ. ಬ್ಯಾಟರಿಯ ಒಳಗೆ ಲೋಹದ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿರುತ್ತಾರೆ, ರೇಡಿಯೋ ಅಲೆಗೆ ಅದೊಂದು ಗೋಡೆ. ಮೋಟರ್ ಕೂಡ ಹಾಗೆಯೇ. ಫೋಮ್, ಹಗುರ ಬಾಲ್ಸಾ ಮರ, ಪ್ಲಾಸ್ಟಿಕ್, ಗ್ಲಾಸ್ ಫೈಬರ್ ಇವೆಲ್ಲ ಅಲೆಗೆ ಕಿಟಕಿಯ ಗಾಜಿನಂತೆ. ಮೋಸ ಮಾಡುವುದು ಕಾರ್ಬನ್ ಫೈಬರ್. ಲೋಹದಂತೆ ಕಾಣದಿದ್ದರೂ ಅದು ವಿದ್ಯುತ್ ಹರಿಸುತ್ತದೆ, ಅಲೆಯನ್ನು ತಡೆಯುತ್ತದೆ. ಇಡೀ ಒಡಲು ಕಾರ್ಬನ್ ಆಗಿದ್ದರೆ ಆಂಟೆನಾ ತುದಿಗಳನ್ನು ಹೊರಗೆ ತರದೆ ಬೇರೆ ದಾರಿ ಇಲ್ಲ. ಫೋಮ್ ವಿಮಾನಗಳಲ್ಲಿಯೂ ರೆಕ್ಕೆಯ ಬಲಕ್ಕೆ ಕಾರ್ಬನ್ ಸರಳು ಹುದುಗಿಸಿರುತ್ತಾರೆ. ಅದರ ಪಕ್ಕದಲ್ಲೇ ಸಮಾನಾಂತರವಾಗಿ ಆಂಟೆನಾ ಇಟ್ಟರೆ ಸರಳಿನಲ್ಲೂ ವಿದ್ಯುತ್ ಆಡಲು ಶುರುವಾಗಿ, ಅದು ತಾನೂ ಒಂದು ಆಂಟೆನಾದಂತೆ ನಡೆದುಕೊಂಡು, ನಾವು ಎಣಿಸದ ದಿಕ್ಕಿನಲ್ಲಿ ಸಿಗ್ನಲನ್ನು ತಗ್ಗಿಸಿಬಿಡುತ್ತದೆ. ಸರ್ವೋದಿಂದ ಬಾಲಕ್ಕೆ ಹೋಗುವ ಉಕ್ಕಿನ ಕಡ್ಡಿಗೂ (ಪುಶ್‌ರಾಡ್) ಸರ್ವೋ ತಂತಿಗಳ ಕಟ್ಟಿಗೂ ಇದೇ ಮಾತು. ಮೂರು ಸೆಂಟಿಮೀಟರ್ ದೂರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಡ್ಡ ಕೋನದಲ್ಲಾದರೂ ದಾಟಿಸಿ.

ನಾಲ್ಕೈದು ಸೆಂಟಿಮೀಟರ್ ಅಗಲದ ಹೊಟ್ಟೆಯಲ್ಲಿ ಇಷ್ಟೆಲ್ಲ ಎಲ್ಲಿ ಮಾಡುವುದು? ನನ್ನ ಅನುಭವದಲ್ಲಿ ಉತ್ತರ ಹೊಟ್ಟೆಯ ಹೊರಗಿದೆ. ತೆಳುವಾದ ಪ್ಲಾಸ್ಟಿಕ್ ಸ್ಟ್ರಾ ತೆಗೆದುಕೊಳ್ಳಿ. ಒಂದು ತುಂಡನ್ನು ರೆಕ್ಕೆಯ ಬುಡದಲ್ಲಿ ಅಡ್ಡಕ್ಕೆ ಫೋಮ್ ಒಳಗೆ ಹುದುಗಿಸಿ, ಇನ್ನೊಂದನ್ನು ಒಡಲಿನ ಬೆನ್ನಿನಿಂದ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ. ಆಂಟೆನಾ ತುದಿಗಳನ್ನು ಅವುಗಳೊಳಗೆ ತೂರಿಸಿದರೆ ಅವು ಬಾಗುವುದಿಲ್ಲ, ಬೇಕಾದಾಗ ತೆಗೆಯಬಹುದು, ಕೋನವೂ ತಪ್ಪುವುದಿಲ್ಲ. ಹೊರಗೆ ಚಾಚಿದ ಮೂರು ಸೆಂಟಿಮೀಟರ್ ಸ್ಟ್ರಾ ಗಾಳಿಗೆ ಒಡ್ಡುವ ತಡೆ ಲೆಕ್ಕಕ್ಕೇ ಬರುವುದಿಲ್ಲ. ಅಂದ ಕೆಡುತ್ತದೆ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ನೆಲಕ್ಕೆ ಬಿದ್ದ ವಿಮಾನದ ಅಂದ ಇನ್ನೂ ಜಾಸ್ತಿ ಕೆಟ್ಟಿರುತ್ತದೆ.

ಅಂಗೈಯಗಲದ ವಿಮಾನಗಳಲ್ಲಿ ಇದಕ್ಕೂ ಜಾಗ ಇರುವುದಿಲ್ಲ. ಅಲ್ಲಿ ಬೋರ್ಡಿನ ಮೇಲೆಯೇ ಕೂರುವ ಸೆರಾಮಿಕ್ ಆಂಟೆನಾ ಬರುತ್ತದೆ. ಸೆರಾಮಿಕ್ ಒಳಗೆ ಅಲೆ ನಿಧಾನವಾಗುತ್ತದೆ, ಅದರ ಉದ್ದ ಕುಗ್ಗುತ್ತದೆ, ಹಾಗಾಗಿ ಕೆಲವು ಮಿಲಿಮೀಟರ್ ಸಾಕಾಗುತ್ತದೆ. ಪೂರ್ತಿ ಉದ್ದದ ತಂತಿಯಷ್ಟು ಚೆನ್ನಾಗಿ ಅದು ಹಿಡಿಯದು, ಆದರೆ ಅಂಥ ವಿಮಾನ ದೂರ ಹೋಗುವುದೂ ಇಲ್ಲ. ಆ ಚೂರು ಬ್ಯಾಟರಿಯ ಕಡೆಗೆ ಮುಖ ಮಾಡದಂತೆ ನೋಡಿಕೊಂಡರೆ ಸಾಕು. ಇದಕ್ಕೆ ವಿರುದ್ಧವಾದದ್ದು ದೂರದ ಹಾರಾಟಕ್ಕೆ ಬಳಸುವ 868 ಮತ್ತು 915 ಮೆಗಾಹರ್ಟ್ಸ್. ಅಲ್ಲಿ ಕಾಲು ಅಲೆಯೇ 8 ಸೆಂಟಿಮೀಟರ್ ದಾಟುತ್ತದೆ, ಇಂಗ್ಲಿಷಿನ ಟಿ ಅಕ್ಷರದಂಥ ಆಂಟೆನಾ ತುದಿಯಿಂದ ತುದಿಗೆ ಸುಮಾರು 16 ಸೆಂಟಿಮೀಟರ್ ಇರುತ್ತದೆ. ಅದನ್ನು ಹೊಟ್ಟೆಯಲ್ಲಿ ಮಡಿಚಿಡುವ ಯೋಚನೆಯೇ ಬೇಡ, ರೆಕ್ಕೆಗೆ ಟೇಪ್ ಹಾಕಿ ಅಂಟಿಸಿ.

ಒಂದು ಎಚ್ಚರಿಕೆ. ಸಿಗ್ನಲ್ ಹೋಯಿತು ಅಂತ ನಾವು ದೂರುವ ಎಷ್ಟೋ ಸಲ ಸಿಗ್ನಲ್ ಇದ್ದೇ ಇರುತ್ತದೆ. ಸರ್ವೋಗಳು ಒಟ್ಟಿಗೆ ಜಗ್ಗಿದಾಗ ವೋಲ್ಟೇಜ್ ಕುಸಿದು ರಿಸೀವರ್ ಆರಿ ಮತ್ತೆ ಹೊತ್ತಿಕೊಂಡಿರುತ್ತದೆ. ಎರಡರ ಲಕ್ಷಣವೂ ನೆಲದಿಂದ ನೋಡುವವರಿಗೆ ಒಂದೇ ಥರ. ಆಂಟೆನಾ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ಅಲ್ಲಿ ಹುಡುಕಿ.

ಸರಿಯಾಗಿದೆಯಾ ಅಂತ ತಿಳಿಯಲು ಹಾರಿಸಿ ನೋಡಬೇಕಿಲ್ಲ. ಹೆಚ್ಚಿನ ಟ್ರಾನ್ಸ್‌ಮಿಟರ್‌ಗಳಲ್ಲಿ ಶಕ್ತಿ ತಗ್ಗಿಸಿ ಪರೀಕ್ಷಿಸುವ ರೇಂಜ್ ಚೆಕ್ ಇರುತ್ತದೆ. ಬ್ಯಾಟರಿ ಅದರ ಜಾಗದಲ್ಲೇ ಇರಲಿ, ಮುಚ್ಚಳ ಹಾಕಿರಲಿ. ಗೆಳೆಯರ ಕೈಗೆ ವಿಮಾನ ಕೊಟ್ಟು ಮೂವತ್ತು ಹೆಜ್ಜೆ ದೂರ ನಡೆಯಿರಿ. ಅವರ ಅಂಗೈ ಆಂಟೆನಾ ಮೇಲೆ ಬರಬಾರದು, ಮೈಯಲ್ಲಿರುವ ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುತ್ತದೆ. ಮೂಗು ನಿಮ್ಮ ಕಡೆಗೆ, ಆಮೇಲೆ ಬಾಲ, ಹೊಟ್ಟೆ, ಬೆನ್ನು, ಒಂದೊಂದು ರೆಕ್ಕೆಯ ತುದಿ, ಹೀಗೆ ನಿಧಾನವಾಗಿ ತಿರುಗಿಸಲು ಹೇಳಿ, ನೀವು ಸ್ಟಿಕ್ ಆಡಿಸುತ್ತಲೇ ಇರಿ. ಯಾವ ದಿಕ್ಕಿನಲ್ಲಿ ಸರ್ವೋ ತಡವರಿಸುತ್ತದೋ ಆ ದಿಕ್ಕಿಗೆ ನಿಮ್ಮ ಎರಡೂ ಆಂಟೆನಾಗಳು ಕಿವುಡು ಅಂತ ಅರ್ಥ. ಒಂದನ್ನು ಒಂದು ಸೆಂಟಿಮೀಟರ್ ಸರಿಸಿ ಮತ್ತೆ ನೋಡಿ. ಆಮೇಲೆ ಮೋಟರ್ ಓಡಿಸಿಯೂ ಒಮ್ಮೆ ಮಾಡಿ, ಆದರೆ ಅದಕ್ಕೆ ಮೊದಲು ಪ್ರೊಪೆಲರ್ ತೆಗೆದಿಡಿ.

ನನ್ನ ಮೇಜಿನ ಮೇಲೆ ಈಗ ಹೊಸದೊಂದು ವಿಮಾನ ಇದೆ, ರೆಕ್ಕೆ 60 ಸೆಂಟಿಮೀಟರ್. ಒಳಗೆ ಇನ್ನೂ ಏನೂ ಕೂರಿಸಿಲ್ಲ. ಬುಡದಲ್ಲಿ ಒಂದು, ಬೆನ್ನಿನಲ್ಲಿ ಒಂದು ಸ್ಟ್ರಾ ಅಂಟಿಸಿ ಒಣಗಲು ಬಿಟ್ಟಿದ್ದೇನೆ. ಸರ್ವೋಗಳಿಗೆ ನಾಳೆ ಜಾಗ ಹುಡುಕಬೇಕು.